ಸಣ್ಣತಾಯಮ್ಮನ ಸುಮ್ಮನಿರದ ಸೌಟು

ಚಾಕು ಮೈಸೂರುಪಾಕಿನೊಳಕ್ಕೆ ಇಳಿಯಿತು, ಹೊರಗೆ ಬರಲಿಲ್ಲ. ಗುಂಡ್ಲುಪೇಟೆಯ ಮಹಿಳಾ ಸಮಾಜದ ಯುಗಾದಿ ಸಮಾರಂಭ. ಅಧ್ಯಕ್ಷೆ ದೊಡ್ಡಮಲ್ಲಮ್ಮ ಮೇಡಂ ಹಲ್ಲು ಕಚ್ಚಿ ಎಳೆದರು. ಚಾಕಿನ ಹಿಂದೆ ಪಾಕು, ಪಾಕಿನ ಹಿಂದೆ ತಟ್ಟೆ, ಎಲ್ಲವೂ ಒಟ್ಟಿಗೆ ಮೇಲೆದ್ದವು.

"ಇದು ಮೈಸೂರುಪಾಕಲ್ಲ ಕಣ್ರಮ್ಮಿ, ಗುಂಡ್ಲುಪೇಟೆ ಗುಂಡು!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಅದನ್ನು ಮಾಡಿ ತಂದಿದ್ದ ಸಣ್ಣತಾಯಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಮನೆಗೆ ಬಂದು ಅತ್ತಳು. ಅವತ್ತಿನಿಂದ ಬೀದಿಯವರಿಗೆ ಅವಳು 'ಗುಂಡಿನ ತಾಯಮ್ಮ'.

ಹೆಸರಷ್ಟೇ ಸಣ್ಣ, ಆಳು ಬಾಗಿಲು ತುಂಬುವಷ್ಟು. ಕೈ ಮಾತ್ರ ಗಳಿಗೆ ಹೊತ್ತೂ ಸುಮ್ಮನಿರದು. ಭೀಮನಬೀಡಿನ ಹೊಲದಲ್ಲಿ ಕಳೆ ಕೀಳುತ್ತಾ ಬೆಳೆದ ಕೈ. ಮದುವೆಯಾಗಿ ಪೇಟೆಗೆ ಬಂದ ಮೇಲೆ ಕೀಳಲು ಕಳೆ ಸಿಗದೆ ಅಡುಗೆಯನ್ನೇ ಕೆದಕತೊಡಗಿತು. ಪಲ್ಯದ ಮುಚ್ಚಳ ತೆಗೆದು ತೆಗೆದು ನೋಡುವಳು. ಕೋಸಂಬರಿಗೆ ಬೆಳಿಗ್ಗೆಯೇ ಉಪ್ಪು ಹಾಕಿ ಕಲಸುವಳು. ಊಟದ ಹೊತ್ತಿಗೆ ಸೌತೆಕಾಯಿ ನೀರು ಬಿಟ್ಟು ಹೆಸರುಬೇಳೆ ಈಜಾಡುತ್ತಿರುವುದು. ಇನ್ನು ಮೈಸೂರುಪಾಕು ಹದಕ್ಕೆ ಬಂದು ತಳ ಬಿಟ್ಟರೂ 'ಇನ್ನೊಂದ್ ಸುತ್ತು' ಎಂದು ತಿರುವಿ ತಿರುವಿ ಕಲ್ಲು ಮಾಡುವಳು.

"ಆನೆನಾದ್ರೂ ತಡೀಬೌದು ಕಣಮ್ಮಿ, ನಿನ್ ಸೌಟ ತಡಿಯಕಾಗಲ್ಲ" ಎನ್ನುತ್ತಿದ್ದ, ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದ ಗಂಡ ಮರಿಮಲ್ಲಪ್ಪ.

ಮರುವರ್ಷ, ತೊಂಬತ್ತೈದರಲ್ಲಿ, ಬೇಸಿಗೆ ರಜೆಯಲ್ಲಿ ಹುಡುಗಿಯರಿಗೆ ಅಡುಗೆ ಕಲಿಸಲು ಸಮಾಜದವರು ಒಬ್ಬರನ್ನು ಹುಡುಕಿದರು. ಸಿಹಿ, ಕೋಸಂಬರಿ, ಪಲ್ಯ ಮಾಡಿ ತಂದು ಮೇಡಂ ಬಾಯಿಂದ ಸೈ ಅನ್ನಿಸಿಕೊಳ್ಳಬೇಕು. 'ಗುಂಡು' ಅಳಿಸಿ 'ಟೀಚರ್' ಅನ್ನಿಸಿಕೊಳ್ಳಲು ಸಣ್ಣತಾಯಮ್ಮನಿಗೆ ಇದೊಂದೇ ದಾರಿ. ವಾರವೆಲ್ಲ ನಿದ್ದೆಯಿಲ್ಲದೆ ಹೊರಳಾಡಿದಳು.

ಆ ದಿನ ಪಲ್ಯ ಇಳಿಸಿದ್ದೇ ಉಪ್ಪಿನ ಜಾಡಿಯನ್ನು ಪಕ್ಕದ ಮನೆಯ ವಾಜಿದಾಳಿಗೆ ಒಪ್ಪಿಸಿದಳು. "ನಾನೇ ಬಂದು ಕಾಲ್ ಹಿಡಿದ್ರೂ ಕೊಡ್ಬ್ಯಾಡ ಕಣಮ್ಮಿ. ಹೊರಡೋವಾಗ ಕೊಡು."

ತುಸು ಹೊತ್ತಿಗೇ ಬಾಗಿಲು ಬಡಿದಳು. "ಒಂದ್ ಚಿಟಿಕೆ..."

"ಹೋಗಿ ಅಕ್ಕಾ, ಹೋಗಿ! ನೀವೇ ಹೇಳಿದ್ದಲ್ವಾ?" ವಾಜಿದಾ ಅಗುಳಿ ಹಾಕಿಕೊಂಡಳು.

ಒಲೆಯ ಮೇಲೆ ಕಡಲೆಹಿಟ್ಟು, ಸಕ್ಕರೆ, ತುಪ್ಪ ಒಂದಾಗಿ ನೊರೆಯೆದ್ದವು. ಪಾಕು ತಳ ಬಿಟ್ಟಿತು. ಸಣ್ಣತಾಯಮ್ಮನ ಮಣಿಕಟ್ಟು ಇನ್ನೊಂದು ಸುತ್ತಿಗೆ ಅಣಿಯಾಯಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ವಾಜಿದಾ ಕಿರುಚಿದಳು: "ಅಕ್ಕಾ, ನಲ್ಲಿ ಬಂತು! ಬಿಂದಿಗೆ ತನ್ನಿ!"

ವಾರದಿಂದ ಮುಖ ತೋರಿಸದಿದ್ದ ನೀರು. ಬಾಣಲೆಯಲ್ಲಿದ್ದುದನ್ನು ತುಪ್ಪ ಸವರಿದ ತಟ್ಟೆಗೆ ಸುರಿದವಳೇ ಬಿಂದಿಗೆ ಎತ್ತಿಕೊಂಡು ಓಡಿದಳು. ಸಾಲಿನಲ್ಲಿ ಜಗಳವಾಡಿ, ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಪಾಕು ತನ್ನಷ್ಟಕ್ಕೆ ತಾನು ಕೂತುಬಿಟ್ಟಿತ್ತು.

"ಅಯ್ಯೋ, ಇನ್ನೊಂದ್ ಸುತ್ತು ತಿರುಗುಸ್ನೇ ಇಲ್ವಲ್ಲಪ್ಪಾ!" ಮತ್ತೆ ಮಾಡಲು ಹೊತ್ತೂ ಇಲ್ಲ, ತುಪ್ಪವೂ ಇಲ್ಲ. ಸೆರಗು ಹಿಂಡಿಕೊಳ್ಳುತ್ತಲೇ, ಉಪ್ಪಿನ ಜಾಡಿ ಹಿಡಿದ ವಾಜಿದಾಳ ಜೊತೆ ಸಮಾಜಕ್ಕೆ ಹೋದಳು. ಕೋಸಂಬರಿಗೆ ಅಲ್ಲೇ ವಾಜಿದಾಳ ಎದುರಿಗೆ ಉಪ್ಪು ಬಿತ್ತು. ಅದನ್ನೂ ಪಲ್ಯವನ್ನೂ ಮೇಡಂ ತಲೆದೂಗಿ ತಿಂದರು.

ಸಿಹಿಯ ಸರದಿ ಬಂದಾಗ ಎಡಗೈಯಿಂದ ತಟ್ಟೆಯನ್ನು ಭದ್ರವಾಗಿ ಅದುಮಿ ಹಿಡಿದರು. ಚಾಕು ಇಳಿಯಿತು, ಅಷ್ಟೇ ಸಲೀಸಾಗಿ ಹೊರಗೂ ಬಂತು. ಬಾಯಿಗಿಟ್ಟ ಚೂರು ಅಗಿಯುವ ಮೊದಲೇ ಕರಗಿತು. ಹಿಂದಿನ ಸಾಲಿನವರು ತಮಗೂ ಒಂದು ಚೂರೆಂದು ಕೈ ಚಾಚಿದರು.

"ಕ್ಲಾಸು ನಿಮ್ಮದೇ ತಾಯಮ್ಮ," ಎಂದರು ಮೇಡಂ. "ಪಾಕು ಹದಕ್ಕೆ ಬಂತು ಅಂತ ಹೇಗೆ ಗೊತ್ತಾಗುತ್ತೆ? ಹುಡುಗೀರಿಗೆ ಮೊದಲ ಪಾಠ ಅದೇ ಆಗಲಿ."

ಸಣ್ಣತಾಯಮ್ಮ ಸೆರಗಿನ ತುದಿ ತಿರುವುತ್ತಾ ನಿಂತಳು.

"ಗೊತ್ತಾಗಕಿಲ್ಲ ಮೇಡಂ. ನಲ್ಲೀಲಿ ನೀರ್ ಬಂದೇಟ್ಗೆ ಇಳಿಸ್ಬುಡಾದು, ಅಷ್ಟೇಯ."