ನಾರು ತುರುಕಿದ ಫೇರಿಂಗ್

ಭಾವನ ಬೈಕಿನ ಸದ್ದು ನಿಲ್ಲಿಸಿದವನು ನಾನು.

ದೂರದ ಪ್ರಯಾಣಕ್ಕೆಂದು ಅಕ್ಕನ ಗಂಡ ತಮ್ಮ ದೊಡ್ಡ ಬೈಕಿಗೆ ತಿಪಟೂರಿನಲ್ಲಿ ಒಂದೊಂದೇ ಸಾಮಾನು ಹಾಕಿಸುತ್ತಿದ್ದರು. ಪಕ್ಕಕ್ಕೆ ಎರಡು ಪೆಟ್ಟಿಗೆ, ಮಂಜಿಗೆ ಹಳದಿ ದೀಪ, ಕೊನೆಗೆ ಫೇರಿಂಗ್. ಎದುರುಗಾಳಿ ಎದೆಗೆ ಬಡಿಯದಂತೆ ಹೆಡ್‌ಲೈಟಿನ ಸುತ್ತ ಕೂರಿಸುವ ಫೈಬರಿನ ಕವಚ ಅದು. ಅದನ್ನು ಕೂರಿಸಿದ ಮೇಲೆ ಬೈಕಿಗೊಂದು ಮುಖ ಬಂದಂತಾಯಿತು. ಶೆಡ್ಡಿನೊಳಗೆ ಕಾಲಿಟ್ಟಾಗಲೆಲ್ಲ ನನ್ನನ್ನೇ ನೋಡುತ್ತಿದೆ ಎನಿಸುತ್ತಿತ್ತು.

ಆದರೆ ಓಡುವಾಗ ಗಡಗಡ ಅನ್ನುತ್ತಿತ್ತು.

"ಕಾಲೇಜು ಓದ್ದೋನು, ಇದಕ್ಕೊಂದು ದಾರಿ ತೋರ್ಸಪ್ಪ," ಎಂದರು ಭಾವ.

ನಮ್ಮ ಕಡೆ ಅಲುಗಾಡುವುದಕ್ಕೆಲ್ಲ ತೆಂಗಿನ ನಾರೇ ಮದ್ದು. ಮಂಚದ ಕಾಲಿಗೂ ಅದೇ, ಗುದ್ದಲಿಯ ಕಾವಿಗೂ ಅದೇ. ಫೇರಿಂಗ್ ಹಿಡಿದಿದ್ದ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ರಬ್ಬರ್ ಇರಬೇಕಾದ ಕಡೆ ನಾರು ತುರುಕಿ ಬಿಗಿದೆ. ಸದ್ದು ನಿಂತಿತು.

"ಮೆಕ್ಯಾನಿಕ್‌ಗಿಂತ ನೀನೇ ವಾಸಿ ಕಣಯ್ಯ! ಭಾನುವಾರ ನಿಮ್ಮಕ್ಕನ್ನ ಕೂರಿಸ್ಕೊಂಡು ಹೊರಟೆ."

ಶನಿವಾರ ಮಧ್ಯಾಹ್ನ ಶೆಟ್ಟಿಕೆರೆ ಕಡೆ ಓಡಿಸಿ ನೋಡಲು ಹೋದೆವು. ಅವರು ಮುಂದೆ, ನಾನು ಸ್ಕೂಟರಿನಲ್ಲಿ ಹಿಂದೆ. ಗಾಳಿಯೇ ಇರಲಿಲ್ಲ. ತೋಟಗಳಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ. ಕೆರೆ ಏರಿ ಮುಗಿಯುವಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ.

ಭಾವ ತಿರುಗಲಿಲ್ಲ.

ಈಗಲೂ ಅದನ್ನೇ ಮತ್ತೆ ಮತ್ತೆ ನೋಡುತ್ತೇನೆ. ಕೂಗಲಿಲ್ಲ, ವಾಲಲಿಲ್ಲ. ಯಾರೋ ಕರೆದ ಕಡೆಗೆ ಹೋಗುವವರಂತೆ ನೆಟ್ಟಗೆ ಕೂತು ನೇರ ಹೋದರು. ಬ್ರೇಕಿನ ಕೆಂಪು ದೀಪ ಹೊತ್ತಿತು. ಚಕ್ರ ಮಣ್ಣಿನಲ್ಲಿ ಜಾರಿತು. ಮುಂದಿನ ಚಕ್ರ ಏರಿಯ ಅಂಚು ದಾಟಿದ ಮೇಲೆ ಬೈಕಿನ ಹೊಟ್ಟೆ ಮಣ್ಣಿಗೆ ತಗುಲಿ ನಿಂತಿತು. ಎರಡಾಳು ಆಳದಲ್ಲಿ ಬರೀ ಕಲ್ಲು. ಗಾಳಿಯಲ್ಲಿ ಚಕ್ರ ಇನ್ನೂ ಮೆಲ್ಲಗೆ ಸುತ್ತುತ್ತಿತ್ತು.

ಓಡಿಹೋಗಿ ಪಕ್ಕದ ಪೆಟ್ಟಿಗೆಗಳನ್ನು ಹಿಂದಿನಿಂದ ಹಿಡಿದು ಜಗ್ಗಿದೆ. "ಮೆಲ್ಲಕ್ಕೆ ಹಿಂದಕ್ಕೆ ಜರುಗಿ ಭಾವ, ಇಳೀರಿ." ಇಳಿದರು. ಆದರೂ ಒಂದು ಕೈ ಹ್ಯಾಂಡಲ್ ಬಿಟ್ಟಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ತಿರುಗ್ಸಿದೆ ಕಣೋ. ಯಾರೋ ಹಿಡ್ಕಂಡಂಗಾಯ್ತು. ಈ ಏರಿ ಸರಿಯಿಲ್ಲ, ದೆವ್ವ ಐತೆ ಅಂತಾರೆ. ನಿಮ್ಮಕ್ಕಂಗೆ ಹೇಳ್ಬ್ಯಾಡ, ನಾಳೆ ಬರಕಿಲ್ಲ ಅಂತಾಳೆ."

ಬಗ್ಗಿ ನೋಡಿದೆ. ನಾರು ಸವೆದು ಪುಡಿಯಾಗಿತ್ತು. ಕ್ಲ್ಯಾಂಪ್ ಜಾರಿ, ಫೇರಿಂಗಿನ ಅಂಚು ಹ್ಯಾಂಡಲಿಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡಿತ್ತು. ಗಡಗಡ ಅಂದಿದ್ದರೆ ಸಡಿಲವಾದದ್ದು ಅವರಿಗೆ ತಿಳಿಯುತ್ತಿತ್ತು. ಆ ಸದ್ದನ್ನು ನಾರು ನುಂಗಿತ್ತು.

ಸುಮ್ಮನಿದ್ದರೆ ತಪ್ಪು ಏರಿಯ ದೆವ್ವದ ತಲೆಗೆ ಹೋಗುತ್ತಿತ್ತು. ಮರುದಿನ ಅದೇ ಬೈಕಿನ ಹಿಂದೆ ಅಕ್ಕ ಕೂರುತ್ತಿದ್ದಳು. ಪುಡಿಯನ್ನು ಬೆರಳಿನಿಂದ ಕೆರೆದು ಅವರ ಅಂಗೈಗೆ ಹಾಕಿದೆ.

"ಹಿಡ್ಕಂಡಿದ್ದು ಇದು ಭಾವ. ನಾನು ತುರುಕಿದ್ದು."

ಅವರು ಪುಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ದೆವ್ವ ಆಗಿದ್ರೇ ವಾಸಿಯಿತ್ತು ಕಣಯ್ಯ," ಎಂದರು.

ಭಾನುವಾರ ಅಕ್ಕ, ಭಾವ ಇಬ್ಬರೂ ಬಸ್ಸಿಗೆ ಹೋದರು.