ಟೈಮ್‌ಟೇಬಲ್ ಮೇಷ್ಟ್ರು

ತಾವೇನಾದರೂ ತಪ್ಪು ಮಾಡಿದಾಗ ಕೃಷ್ಣಪ್ಪ ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬೋರ್ಡಿನ ಮೇಲೆ ಒಂದು ಮೈನಸ್ ಬಿಟ್ಟುಹೋಗಿ ಲೆಕ್ಕ ಕೆಟ್ಟರೂ ಅಷ್ಟೇ. "ನಿಮ್ಮ ಮುಖ ನೋಡೋಕಾಗಲ್ಲ ಕಣ್ರೋ," ಎಂದು ಉಳಿದ ಪಾಠವನ್ನು ಹಾಗೇ ಮುಗಿಸುತ್ತಿದ್ದರು. ಇಷ್ಟು ನಾಚಿಕೆಯ ಮನುಷ್ಯನಿಗೆ ಗಣಿತದ ಜಂಬ ಮಾತ್ರ ವಿಪರೀತ.

ರಾಜಾಜಿನಗರದ ನಮ್ಮ ಕಾಲೇಜಿನ ಟೈಮ್‌ಟೇಬಲ್ ಹಾಕುತ್ತಿದ್ದವರು ಅವರೇ. ಬೆಳಗಿನ ಪೀರಿಯಡ್ಡುಗಳೆಲ್ಲ ಗಣಿತಕ್ಕೆ, ಮಿಕ್ಕಿದ್ದು ಮಿಕ್ಕವರಿಗೆ. ಮನಃಶಾಸ್ತ್ರದ ವಿಮಲಾ ಮೇಡಂಗೆ ದಿನಾ ಕೊನೆಯ ಪೀರಿಯಡ್. ಆ ಹೊತ್ತಿಗೆ ಅರ್ಧ ಕ್ಲಾಸು ಬಸ್‌ಸ್ಟಾಪಿನಲ್ಲಿರುತ್ತಿತ್ತು. ಮೇಡಂ ಹೋಗಿ ಕೇಳಿಕೊಂಡರೆ, ನಾಯಿ ಇಲಿಗಳ ಕಥೆ ಹೇಳೋಕೆ ಯಾವ ಹೊತ್ತಾದರೇನು ಎಂದು ಮೇಷ್ಟ್ರು ನಗುತ್ತಿದ್ದರಂತೆ. ಸೇರುವವರು ಕಡಿಮೆಯಾಗಿ ಕೊನೆಗೆ ಕಾಲೇಜಿನವರು ಆ ವಿಷಯವನ್ನೇ ತೆಗೆದುಹಾಕಿದರು.

ರಿಟೈರಾದ ಮೇಲೆ ಮೇಷ್ಟ್ರು ಚಂದ್ರಾ ಲೇಔಟ್‌ನಲ್ಲಿ ನಮ್ಮ ಬೀದಿಗೇ ಬಂದರು. ನಾನೀಗ ಕಂಪ್ಯೂಟರ್ ಪಾಠ ಮಾಡುವವನು. ಬೆಳಗಿನ ವಾಕಿಂಗಿನಲ್ಲಿ, ಈ ಎಐ ಯಾರ ಮನೆ ಮಗು ಹೇಳೋ ಎಂದು ಪೀಡಿಸುತ್ತಿದ್ದರು. ಕ್ಯಾಲ್ಕುಲಸ್, ಸಂಭವನೀಯತೆ ನಿಮ್ಮ ಕಡೆಯಿಂದ ಎಂದಾಗ, ಮಗುವಿಗೆ ತಮ್ಮದೇ ಮೂಗು ಬಂದಂತೆ ಬೀಗಿದರು. ನರಕೋಶದ ಮಾದರಿ ಜೀವಶಾಸ್ತ್ರದಿಂದ, ಮಾತಿನ ವಿಚಾರದಲ್ಲಿ ಭಾಷಾಶಾಸ್ತ್ರದವರ ಪಾಲೂ ಇದೆ ಎಂದಾಗ ಇರಲಿ ಬಿಡು ಎಂದರು. ಸರಿ ಮಾಡಿದರೆ ಬಹುಮಾನ ಕೊಟ್ಟು ಯಂತ್ರಕ್ಕೆ ಕಲಿಸುವ ವಿಧಾನವೊಂದಿದೆ, ಅದರ ಬೇರು ನಾಯಿ, ಇಲಿಯಂಥ ಪ್ರಾಣಿಗಳು ಹೇಗೆ ಕಲಿಯುತ್ತವೆಂದು ನೋಡಿದ ಮನಃಶಾಸ್ತ್ರದವರಲ್ಲಿದೆ ಎಂದೆ. ಮೇಷ್ಟ್ರು ನಿಂತುಬಿಟ್ಟರು. ಕನ್ನಡಕ ಜೇಬಿಗೆ ಹೋಯಿತು.

ಆ ಭಾನುವಾರವೇ ನನ್ನನ್ನು ಹೊರಡಿಸಿಕೊಂಡು ನಾಗರಬಾವಿಯಲ್ಲಿದ್ದ ಮೇಡಂ ಮನೆಗೆ ಹೋದರು. ಮೇಡಂ ಕಾಫಿ ಕೊಟ್ಟರು, ನನ್ನ ಗುರುತು ಹಿಡಿಯಲಿಲ್ಲ. ಮೇಷ್ಟ್ರು ಲೋಟ ಮುಟ್ಟದೆ ಕ್ಷಮೆ ಕೇಳಿದರು.

"ನನ್ನ ಕೆಲಸ ಹೋಗ್ಲಿಲ್ಲ ಸಾರ್. ಲೈಬ್ರರಿಗೆ ಹಾಕಿದ್ರು, ಅಲ್ಲೇ ರಿಟೈರಾದೆ," ಎಂದರು ಮೇಡಂ. "ಆಸೆಪಟ್ಟು ಸೇರಿ ಬಿಟ್ಟುಹೋದ ಮಕ್ಕಳಿದ್ರಲ್ಲ, ಕೇಳೋದಾದ್ರೆ ಅವರನ್ನ ಕೇಳಿ."

ವಾಪಸ್ ಬರುವಾಗ ಆಟೋದಲ್ಲಿ ಮೇಷ್ಟ್ರು ಮೆಲ್ಲಗೆ ಕೇಳಿದರು. "ಅಂಥವರು ಯಾರಾದ್ರೂ ನಿನಗೆ ಗೊತ್ತೇನೋ?"

"ಇಲ್ಲ ಸಾರ್," ಎಂದೆ.

ಮನಃಶಾಸ್ತ್ರಕ್ಕೆ ಸೇರಿ, ಕೊನೆಯ ಪೀರಿಯಡ್ ಮುಗಿಸಿದರೆ ಕೆಂಗೇರಿಯಲ್ಲಿದ್ದ ಅಪ್ಪನ ಅಂಗಡಿಗೆ ತಡವಾಗುತ್ತದೆಂದು ತಿಂಗಳೊಳಗೆ ಬಿಟ್ಟವನು ನಾನು. ಅವರ ಇಳಿದ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಆಮೇಲೆ ಮೇಷ್ಟ್ರು ಹಳೇ ವಿದ್ಯಾರ್ಥಿಗಳಿಗೆಲ್ಲ ಫೋನು ಮಾಡಿ ವಿಚಾರಿಸುತ್ತಿದ್ದರು. ಯಾರೂ ಸಿಕ್ಕಲಿಲ್ಲ. ಹೋದ ವರ್ಷ ತೀರಿಕೊಂಡರು. ಅವರ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೆ ಎಂದುಕೊಳ್ಳುತ್ತೇನೆ, ಆದರೂ ನಾಚಿಕೆ ಹೋಗುವುದಿಲ್ಲ. ಅವರು ಹುಡುಕುತ್ತಿದ್ದ ಹುಡುಗ ದಿನಾ ಬೆಳಿಗ್ಗೆ ಅವರ ಪಕ್ಕದಲ್ಲೇ ನಡೆಯುತ್ತಿದ್ದ.