ಸಾಬೂದಾಣಿ ತಿಂದು ಹೊಟ್ಟೆ ಇಳಿಸಲು ಹೊರಟವನು

ಹದಿನೇಳನೆಯ ವಯಸ್ಸಿನಲ್ಲಿ ನನಗೆ ನನ್ನ ತೋಳುಗಳ ಬಗ್ಗೆ ಇದ್ದಷ್ಟು ಅಭಿಮಾನ ಬನಹಟ್ಟಿಯಲ್ಲಿ ಬೇರೆ ಯಾರಿಗೂ ಯಾವುದರ ಬಗ್ಗೆಯೂ ಇರಲಿಕ್ಕಿಲ್ಲ. ಮನೆಯ ಮುಂಭಾಗದಲ್ಲಿ ಪವರ್‌ಲೂಮ್‌ಗಳು ಬಡಿದುಕೊಳ್ಳುತ್ತಿದ್ದರೆ ನಾನು ಹಿಂದಿನ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ತೋಳು ಮಡಚುತ್ತಿದ್ದೆ. "ಲೇ, ಆ ತೋಳ ಇಲ್ಲಿ ತಂದು ನೂಲಿನ ಗಂಟರ ಎತ್ತು" ಎಂದು ಅಪ್ಪ ಕೂಗಿದರೆ ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವುದು ನನ್ನ ಕಾಯಂ ನೆಪ.

ತೋಳೇನೋ ಚೆನ್ನಾಗಿತ್ತು. ತೊಂದರೆ ಇದ್ದದ್ದು ಹೊಟ್ಟೆಯಲ್ಲಿ. ಉಸಿರು ಬಿಗಿಹಿಡಿದಾಗ ಪೈಲ್ವಾನ, ಬಿಟ್ಟಾಗ ಕಿರಾಣಿ ಅಂಗಡಿಯ ಮಾಲೀಕ. ಆ ಚಳಿಗಾಲದಲ್ಲಿ ಜಮಖಂಡಿಯಲ್ಲಿ ಹುಡುಗರ ದೇಹದಾರ್ಢ್ಯ ಸ್ಪರ್ಧೆ ಇದೆ ಎಂದು ಗೊತ್ತಾದ ಮೇಲಂತೂ ನನಗೆ ನಿದ್ದೆ ಹತ್ತಲಿಲ್ಲ. ಆ ವೇದಿಕೆಯ ಮೇಲೆ ಒಮ್ಮೆ ನಿಲ್ಲದಿದ್ದರೆ ಬದುಕಿದ್ದೇ ದಂಡ ಎಂದು ನಾನು ಖರೆಯೇ ನಂಬಿದ್ದೆ.

ನಮ್ಮ ಜಿಮ್ ನಡೆಸುತ್ತಿದ್ದವರು ಮುಧೋಳ ಕಡೆಯವರು, ಮೊದಲು ಕುಸ್ತಿ ಆಡಿದವರು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ನನ್ನ ಹೊಟ್ಟೆಯ ಮೇಲೊಂದು ಏಟು ಕೊಟ್ಟು ಹೇಳಿದರು: "ಇದು ಇಳೀಬೇಕು, ಮಾಂಸ ಉಳೀಬೇಕು. ಹಸಕೊಂಡು ಕುಂತ್ರ ಮೊದಲ ತೋಳ ಹೋಗ್ತಾವ, ನೆನಪಿಟ್ಕೋ. ಮಡಕಿ ಕಾಳ ತಿನ್ನು, ಮಸರ ತಿನ್ನು, ಮನ್ಯಾಗ ನಡದ್ರ ತತ್ತಿ ತಿನ್ನು. ರೊಟ್ಟಿ ಬಿಡಬ್ಯಾಡ, ಸ್ವಲ್ಪ ಕಡಿಮಿ ಮಾಡು. ತುಪ್ಪ, ಸಿಹಿ, ಕರದದ್ದು ದೂರ ಇಡು. ಡಬ್ಬಿ ಪೌಡರ್ ನಿನ್ನ ವಯಸ್ಸಿಗೆ ಬ್ಯಾಡ. ಭಾರ ಎತ್ತೂದು ಬಿಡಬ್ಯಾಡ, ನಿದ್ದಿ ಮಾಡು."

ಇಷ್ಟು ಸರಳ. ಆದರೆ ತುಪ್ಪವನ್ನು ದೂರ ಇಡುವುದು ನನ್ನ ಕೈಯಲ್ಲಿರಲಿಲ್ಲ, ಅವ್ವನ ಕೈಯಲ್ಲಿತ್ತು. ನಮ್ಮ ಮನೆಯಲ್ಲಿ "ಬ್ಯಾಡ" ಎಂದರೆ ಇನ್ನೂ ಅರ್ಧ ಚಮಚ ಎಂದು ಅರ್ಥ. ಬೊಜ್ಜು, ಮಾಂಸ ಎಂದೆಲ್ಲ ವಿವರಿಸಲು ಹೋದೆ. "ಬೆಳಿಯೂ ಹುಡುಗ, ಸುಮ್ನ ಉಣ್ಣು" ಎಂದು ರೊಟ್ಟಿಯ ಮೇಲೆ ಮತ್ತೆ ಸುರಿದಳು.

ಒಂದು ಸೋಮವಾರ ಮುಂಜಾನೆ ನನ್ನ ತಲೆ ಓಡಿತು. ತುಪ್ಪದ ಚಮಚ ತಾಟಿನ ಹತ್ತಿರ ಬರುತ್ತಿದ್ದಂತೆ, "ಅವ್ವ, ಇವತ್ತ ನಂದು ಉಪಾಸ" ಎಂದೆ. ಚಮಚ ಅಲ್ಲೇ ನಿಂತು, ರೊಟ್ಟಿಯ ತಾಟಿನ ಸಮೇತ ಹಿಂದಕ್ಕೆ ಹೋಯಿತು. ನನ್ನ ಜೀವಮಾನದಲ್ಲಿ ಅಂಥದ್ದು ನಡೆದಿರಲಿಲ್ಲ. ಗೆದ್ದ ಉಬ್ಬಿನಲ್ಲಿ ಗುರುವಾರ, ಶನಿವಾರಗಳನ್ನೂ ಸೇರಿಸಿಬಿಟ್ಟೆ.

"ಏನ್ ಬೇಡ್ಕೊಂಡೀಯೋ?" ಎಂದಳು.

ನೆಲದ ಮೇಲೆ ಕುಳಿತು ಮಗ್ಗದ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಅವಳ ಮೊಣಕಾಲು ಹಿಡಿದುಕೊಂಡಿದ್ದವು. ಗೋಡೆ ಹಿಡಿದು ಏಳುತ್ತಿದ್ದಳು. ಬಾಯಿಗೆ ಬಂದದ್ದನ್ನು ಹೇಳಿದೆ: "ನಿನ್ನ ಮೊಣಕಾಲ ಆರಾಮ ಆಗ್ಲಿ ಅಂತ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತ್ತು.

ನಾನು ಮರೆತದ್ದು ಒಂದೇ, ನಮ್ಮ ಕಡೆ ಉಪವಾಸ ಎಂದರೆ ಏನು ಎಂಬುದನ್ನು. ಅದೇ ದಿನ ಮಧ್ಯಾಹ್ನ ತಾಟಿನ ತುಂಬ ಸಾಬೂದಾಣಿ ಖಿಚಡಿ ಬಂತು. ಮೇಲೆ ಶೇಂಗಾ ಪುಡಿ, ನಡುವೆ ಬಟಾಟೆ, ಎಲ್ಲದರ ಮೇಲೆ ತುಪ್ಪ. ಉಪವಾಸಕ್ಕೆ ತುಪ್ಪ ನಡೆಯುತ್ತದೆ. ಸಕ್ಕರೆ ಹಾಕಿದ ಹಾಲು ನಡೆಯುತ್ತದೆ, ಬಾಳೆಹಣ್ಣು ನಡೆಯುತ್ತದೆ, ಶೇಂಗಾ ಉಂಡಿ ನಡೆಯುತ್ತದೆ. ನಡೆಯದಿರುವುದು ಕಾಳು, ಬೇಳೆ, ರೊಟ್ಟಿ. ತತ್ತಿಯ, ಅಂದರೆ ಮೊಟ್ಟೆಯ, ಹೆಸರು ನಮ್ಮ ಮನೆಯಲ್ಲಿ ಉಳಿದ ದಿನವೂ ಎತ್ತುವಂತಿರಲಿಲ್ಲ. ಅಣ್ಣ ತಿನ್ನು ಎಂದದ್ದೆಲ್ಲ ನನ್ನ ವ್ರತಕ್ಕೆ ನಿಷಿದ್ಧ, ಬೇಡ ಎಂದದ್ದೆಲ್ಲ ಫಲಾಹಾರ. ನನ್ನ ಕೈಯಾರೆ ನಾನೇ ಕಟ್ಟಿಕೊಂಡ ಬಲೆ.

ಮಗನ ಭಕ್ತಿಗೆ ಮೆಚ್ಚಿ ಓಣಿಯ ಹೆಂಗಸರು ಬಟಾಟೆ ಚಿಪ್ಸ್ ಕಳಿಸಿದರು. ತೇರದಾಳದ ಅತ್ತೆ ರಾಜಗಿರಿ ಉಂಡಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ಉಪವಾಸವಿಲ್ಲದ ದಿನ ಅವ್ವ "ನಿನ್ನೆ ಹಸದಿದ್ದಿ" ಎಂದು ಎರಡರಷ್ಟು ಬಡಿಸುತ್ತಿದ್ದಳು. ಹೊಟ್ಟೆ ತುಂಬಿ ಭಾರವಾಗಿ ಜಿಮ್ಮಿಗೂ ಸರಿಯಾಗಿ ಹೋಗಲಾಗುತ್ತಿರಲಿಲ್ಲ. ಹೋದರೂ ಬಾರ್ ಎದೆಯ ಮೇಲೆ ಕೂತು ಏಳುತ್ತಿರಲಿಲ್ಲ.

ಸ್ಪರ್ಧೆಗೆ ಎರಡು ತಿಂಗಳಿರುವಾಗ ಅಣ್ಣ ಅಂಗಿ ಬಿಚ್ಚಿಸಿ ನೋಡಿದರು. "ತೋಳ ಸಣ್ಣಾಗ್ಯಾವ, ಹೊಟ್ಟಿ ದೊಡ್ಡದಾಗೇತಿ. ಏನ್ ತಿನ್ನಾಕತ್ತೀದಿ?"

"ಉಪಾಸ ಮಾಡಾಕತ್ತೇನ್ರಿ" ಎಂದು ಎಲ್ಲ ಹೇಳಿದೆ. ಅವರು ಬೆಂಚಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ನಗದೆ ಹೇಳಿದರು: "ಮನಿಗೆ ಹೋಗಿ ನಿಮ್ಮವ್ವಗ ಖರೆ ಹೇಳು. ಇಲ್ಲಾಂದ್ರ ಜಮಖಂಡಿ ಮರತುಬಿಡು."

ಹೇಳಲೇಬೇಕೆಂದು ಮನೆಗೆ ಬಂದರೆ ಅವ್ವ ಕಂಡಿಕೆಯ ಬುಟ್ಟಿ ಎತ್ತಿಕೊಂಡು, ಗೋಡೆ ಹಿಡಿಯದೆ, ನಡೆದು ಬರುತ್ತಿದ್ದಳು. "ನೋಡು, ನಿನ್ನ ಉಪಾಸ ಫಲಾ ಕೊಡ್ತು" ಎಂದಳು. ಸುಮ್ಮನಿದ್ದುಬಿಡೋಣ ಎನಿಸಿತು. ಆದರೆ ಅವಳೇ ಮುಂದುವರಿಸಿದಳು: "ಇನ್ನ ಸಾಕು ಬಿಡು. ಮಾರಿ ಇಳದೈತಿ ನಿಂದು. ಸೋಮವಾರದಿಂದ ನಾ ಹಿಡೀತೇನಿ, ನಿನ್ನ ಸಲುವಾಗಿ."

ಅದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ಅವ್ವ, ನಾ ಉಪಾಸ ಹಿಡದದ್ದು ನಿನ್ನ ಮೊಣಕಾಲಿಗಲ್ಲ, ನನ್ನ ಹೊಟ್ಟಿಗೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಬೈಯುತ್ತಾಳೆಂದು ಕಾದೆ.

"ಹಂಗಾರ ಮೊಣಕಾಲ ಹೆಂಗ ಆರಾಮ ಆತು?" ಎಂದಳು.

ಡಾಕ್ಟರು ಕೊಟ್ಟ ಮುಲಾಮಿರಬಹುದು ಎನ್ನುವ ಧೈರ್ಯ ನನಗಾಗಲಿಲ್ಲ. ಅವಳು ಬುಟ್ಟಿ ಇಳಿಸಿ, "ಏನ್ ತಿನ್ನಬೇಕಂತ ಹೇಳ್ಯಾರ ನಿಮ್ಮಣ್ಣ?" ಎಂದು ಕೇಳಿ, ಆ ರಾತ್ರಿಯೇ ಮಡಕಿ ಕಾಳು ನೆನೆಹಾಕಿದಳು.

ಆಮೇಲೆ ತಾಟಿಗೆ ಮೊಳಕೆ ಕಾಳು ಬಂತು, ಗಟ್ಟಿ ಮೊಸರು ಬಂತು, ಎಣ್ಣೆ ಕೈಬಿಗಿದು ಮಾಡಿದ ಕಡಲೆಹಿಟ್ಟಿನ ಝುಣಕ ಬಂತು. ಒಂದು ರೊಟ್ಟಿ ಕಡಿಮೆಯಾಯಿತು. ತುಪ್ಪ ಪೂರ್ತಿ ಹೋಗಲಿಲ್ಲ, ಆದರೆ ಚಮಚ ಚಿಕ್ಕದಾಯಿತು. ತೋಳು ಮರಳಿತು, ಹೊಟ್ಟೆ ನಿಧಾನವಾಗಿ ಸರಿಯಿತು, ಅಣ್ಣ ನನ್ನ ಹೆಸರು ಕೊಟ್ಟರು.

ಸ್ಪರ್ಧೆಯ ದಿನ ಮೈಗೆಲ್ಲ ಕಂದು ಬಣ್ಣ ಬಳಿದುಕೊಂಡು, ಕರವಸ್ತ್ರದಷ್ಟಿದ್ದ ಚಡ್ಡಿಯಲ್ಲಿ ವೇದಿಕೆ ಹತ್ತಿದೆ. ಮುಂದಿನ ಸಾಲಿನಲ್ಲೇ ಅಪ್ಪ, ಅವ್ವ. ಅಪ್ಪ ಚಾವಣಿ ನೋಡುತ್ತಿದ್ದ. ಅವ್ವ ಮಾತ್ರ ಕೈಮುಗಿದು ಕುಳಿತಿದ್ದಳು. ಮೂವರಿಗೆ ಬಹುಮಾನ, ನಾನು ನಾಲ್ಕನೆಯವನು. ಆದರೂ ಹೊಟ್ಟೆಯ ಮೇಲೆ ಗೆರೆಗಳು ಮೂಡಿದ್ದವು, ಉಸಿರು ಬಿಟ್ಟಾಗಲೂ ಇದ್ದವು. ಅಷ್ಟು ಸಂತೋಷ ನನಗೆ ಆಮೇಲೆ ಗೆದ್ದಾಗಲೂ ಆಗಿಲ್ಲ.

ಕೆಳಗಿಳಿದು ಬಂದಾಗ ಅವ್ವ ಚೀಲದಿಂದ ಶೇಂಗಾ ಹೋಳಿಗೆ ತೆಗೆದು, "ಇವತ್ತರ ತಿನ್ನು" ಎಂದಳು.

"ಮೊದಲ ಆಕಿಗೆ ತಿನಸು" ಎಂದ ಅಪ್ಪ. "ಎರಡ ತಿಂಗಳಾತು, ಸೋಮವಾರ ಹಿಡದಾಳ, ನಿನಗ ಹೇಳಬ್ಯಾಡ ಅಂದಿದ್ಲು. ಇವತ್ತ ರವಿವಾರ ಇದ್ರೂ ಮುಂಜಾನಿಂದ ನೀರ ಸೈತ ಮುಟ್ಟಿಲ್ಲ. ಸಾಬೂದಾಣಿನರ ತಿನ್ನು ಅಂದ್ರ, ಅದು ಉಪಾಸ ಅಲ್ಲ ಅಂದ್ಲು."

ಹೋಳಿಗೆ ಮುರಿದು ಅವಳ ಬಾಯಿಗಿಟ್ಟೆ. ನನ್ನ ಬೆರಳಿನ ಕಂದು ಬಣ್ಣ ಅವಳ ತುಟಿಗೆ ಹತ್ತಿತು. ಒರೆಸಿಕೊಳ್ಳದೆ, ನನ್ನನ್ನೇ ನೋಡುತ್ತ, ಹಸಿದವಳಂತೆ ಅಗಿದಳು.